ಸುಡಬಾರದ ಹೆಸರು

ಒಂಬತ್ತನೆಯ ಕಂತು

"ಮುನ್ಶಿಗಳೇ, ಇದೆಂತ ಹೆಸರು?"

ಇನ್‌ಸ್ಪೆಕ್ಟರ್ ಅಪ್ಪಯ್ಯನವರು ಒಲೆಯ ಬೂದಿಯಿಂದ ಇಕ್ಕಳದಲ್ಲಿ ಎತ್ತಿದ ಕಾಗದದ ಚೂರನ್ನು ನನ್ನ ಮೂಗಿನ ಹತ್ತಿರ ಹಿಡಿದಿದ್ದರು. ಸುತ್ತಲೂ ಸುಟ್ಟು ಕರಿಯಾಗಿತ್ತು. ನಡುವೆ ಎರಡು ಬೆರಳಿನಷ್ಟು ಜಾಗ ಮಾತ್ರ ಉಳಿದಿತ್ತು. ಅಲ್ಲಿ ಏಲಿಯಾಹು ಅಜ್ಜನ ದಪ್ಪ ಕೈಬರಹ. ಎರಡು ವರ್ಷ ಎದುರಿಗೆ ಕೂತು ನೋಡಿದ ಅಕ್ಷರ, ಗುರುತು ತಪ್ಪುವುದಾದರೂ ಹೇಗೆ?

"ಶದ್ದೈ," ಎಂದೆ.

"ಅಂದ್ರೆ?"

"ಅವರ ದೇವರ ಹೆಸರು ಸ್ವಾಮಿ. ಬೈಬಲ್ಲಿನ ಕನ್ನಡದಲ್ಲಿ ಅದಕ್ಕೆ ಏನು ಬರೀಬೇಕು ಅಂತ ಒಂದು ತಿಂಗಳು ಕಿತ್ತಾಡಿದ್ವಿ. ಸರ್ವಶಕ್ತ ಅಂತ ಬರೀರಿ ಅಂತಾರೆ ಪಾದ್ರಿಗಳು. ಬೆಟ್ಟದವನು ಅನ್ನೋ ಅರ್ಥಾನೂ ಇದೆಯಂತೆ. ಅಜ್ಜ ಮಾತ್ರ ಒಂದೇ ಹಟ. ಸಾಕು ಅನ್ನೋಷ್ಟು ಕೊಡೋನು ಅಂತ."

ಅಪ್ಪಯ್ಯನವರು ಚೂರನ್ನು ತಮ್ಮ ನೋಟುಬುಕ್ಕಿನ ನಡುವೆ ಇಟ್ಟುಕೊಂಡರು. ಸಾಕು ಅನ್ನುವಷ್ಟು ಸಿಕ್ಕಿದ್ದು ಅಜ್ಜನಿಗೆ ಏನು ಅಂತ ನನಗೆ ನಾನೇ ಕೇಳಿಕೊಂಡೆ. ತಲೆಗೆ ಒಂದು ಪೆಟ್ಟು, ಅಷ್ಟೇ.

ನಾಲ್ಕು ದಿನದ ಹಿಂದೆ, ಪಾದ್ರಿಗಳ ಅನುವಾದಕ್ಕೆ ಹೀಬ್ರೂ ಹೇಳಿಕೊಡಲು ಬಂದಿದ್ದ ಕೊಚ್ಚಿಯ ಯೆಹೂದಿ ಏಲಿಯಾಹು ಅಜ್ಜ ತಮ್ಮ ಹಿತ್ತಲಲ್ಲಿ, ಅಗೆದ ಗುಂಡಿಯ ಪಕ್ಕ ತಲೆ ಒಡೆದು ಬಿದ್ದಿದ್ದರು. ಗುಂಡಿಯೊಳಗೆ ಒಡೆದ ಮಡಕೆ. ಪಕ್ಕದಲ್ಲಿ ಎಸ್ಟೇಟಿನ ಆಳು, ಎರವರ ಕುಲದ ಮಾದನ ಗುದ್ದಲಿ. ಅಷ್ಟು ಸಾಕಾಯಿತು. ನಿಧಿಯ ಆಸೆಗೆ ಮುದುಕನನ್ನು ಕೊಂದ ಎಂದು ಮಾದನನ್ನು ಸಿದ್ದಾಪುರದ ಠಾಣೆಗೆ ಎಳೆದು ಹಾಕಿದ್ದರು. ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ. ಮಡಿಕೇರಿಯ ಕೋರ್ಟಿಗೆ ಹೋದರೆ ಅವನ ಕುತ್ತಿಗೆಗೆ ಹಗ್ಗವೇ ಗತಿ.

ನಿಧಿ ಎಂಬ ಮಾತನ್ನು ಹುಟ್ಟಿಸಿದ ಪುಣ್ಯಾತ್ಮ ಯಾರು ಗೊತ್ತೆ? ನಾನೇ. ಶನಿವಾರಸಂತೆಯ ಮರುಳಸಿದ್ದಪ್ಪ. ಎದೆಯ ಮೇಲೆ ಲಿಂಗ ಕಟ್ಟಿಕೊಂಡು, ಹೊಟ್ಟೆಪಾಡಿಗೆ ಇನ್ನೊಬ್ಬರ ದೇವರ ಹೆಸರಿಗೆ ಕನ್ನಡ ಹುಡುಕುವ ಮಿಷನ್ನಿನ ಮುನ್ಶಿ. ಅಜ್ಜ ಆಗಾಗ ಹಿತ್ತಲಲ್ಲಿ ಮಡಕೆ ಹೂಳುವುದನ್ನು ಕಂಡು ಸಿದ್ದಾಪುರದ ಸಂತೆಯಲ್ಲಿ ಎಲೆಅಡಿಕೆ ಜಗಿಯುತ್ತ, "ನಮ್ಮ ಕೊಚ್ಚಿ ಅಜ್ಜ ನಿಧಿ ಹೂಳ್ತಾರೆ ಕಣ್ರೋ," ಎಂದು ನಗೆಯಾಡಿದ್ದೆ. ನಾಲಿಗೆಗೆ ಬೆಂಕಿ ಬೀಳಲಿ. ಆ ಮಾತು ತೋಟ ತೋಟ ಸುತ್ತಿ ಒಂದು ಹೆಣ ಬೀಳಿಸಿತು ಎಂದು ನಾಲ್ಕು ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ.

"ಒಲೆ ಕಡೆ ಯಾರೂ ನೋಡಿರಲಿಲ್ಲ," ಅಪ್ಪಯ್ಯನವರು ಹೇಳಿದರು. "ಆದ್ರೆ ಒಬ್ಬ ಮಾತ್ರ ಕೇಳದೇ ಹೇಳಿದ್ದಾನೆ. ಹಾರ್ಟ್‌ವುಡ್ ಎಸ್ಟೇಟಿನ ಲೆಕ್ಕ ಬರೆಯೋ ರೈಟರು ಬೋಜ. ಸಂಜೆ ಈ ದಾರೀಲಿ ಬರುವಾಗ ಅಜ್ಜ ಒಲೆ ಮುಂದೆ ಕೂತು ಕಾಗದ ಸುಡ್ತಾ ಇದ್ದದ್ದು ಕಂಡನಂತೆ. ಆಮೇಲೆ ಮಾದ ಗುದ್ದಲಿ ಹೊತ್ತು ಹಿತ್ತಲಿಗೆ ಹೋದನಂತೆ."

"ಸುಳ್ಳು!"

ನನ್ನ ದನಿ ನನಗೇ ಜೋರೆನಿಸಿತು. ಅಪ್ಪಯ್ಯನವರು ಮೀಸೆಯ ಮೇಲೆ ಬೆರಳಿಟ್ಟು ಕಾದರು. ಈ ಮನುಷ್ಯ ಪ್ರಶ್ನೆ ಕೇಳುವುದಕ್ಕಿಂತ ಸುಮ್ಮನಿದ್ದೇ ಹೆಚ್ಚು ಬಾಯಿ ಬಿಡಿಸುತ್ತಾರೆ.

"ಸ್ವಾಮಿ, ಆ ಹೆಸರಿರೋ ಕಾಗದಾನ ಅಜ್ಜ ಸುಡೋ ಜನ ಅಲ್ಲ. ಅವರ ದೇವರಿಗೆ ಹೆಸರು ಬಾಳ. ಎಲೋಹಿಂ ಅಂದ್ರೆ ಬಲ ಉಳ್ಳೋನು, ನ್ಯಾಯ ಹೇಳೋನು. ಅದೊನಾಯ್ ಅಂದ್ರೆ ನನ್ನೊಡೆಯ. ಇನ್ನೊಂದಿದೆ, ನಾಲ್ಕೇ ಅಕ್ಷರದ್ದು. ಇದ್ದೋನು, ಇರೋನು, ಮುಂದೂ ಇರೋನು ಅಂತ ಅದರ ಭಾವ. ಅದನ್ನಂತೂ ಅವರು ಬಾಯಲ್ಲಿ ಆಡೋದೇ ಇಲ್ಲ. ಇಂಥಾ ಹೆಸರು ಕಾಗದದ ಮೇಲೆ ಬಿತ್ತು ಅಂದ್ರೆ ಅಳಿಸಂಗಿಲ್ಲ, ಹರಿಯಂಗಿಲ್ಲ, ಸುಡಂಗಿಲ್ಲ. ಬರವಣಿಗೆ ತಪ್ಪಿತಾ, ಹಾಳೆ ಹಳೇದಾಯ್ತಾ, ತೆಗೆದು ಮಡಕೇಲಿ ಇಡೋದು. ಮಡಕೆ ತುಂಬಿದ ಮೇಲೆ ಮಣ್ಣಿಗೆ ಕೊಡೋದು."

"ಹೆಣಕ್ಕೆ ಮಾಡುವ ಹಾಗೆ."

"ಹಂಗೇ. ಹೋದ ವರ್ಷ ನಾನೊಂದು ಕರಡು ಹಾಳೆನ ಕಾಫಿ ಕಾಸೋ ಒಲೆಗೆ ಹಾಕ್ಬಿಟ್ಟೆ. ಗೊತ್ತಿರಲಿಲ್ಲ. ಅಜ್ಜ ಬೆಂಕಿ ಒಳಗೆ ಕೈಯಿಟ್ಟು ತೆಗೆದ್ರು ಸ್ವಾಮಿ, ಬರಿಗೈ! ಬಲಗೈ ಎರಡು ಬೆರಳು ಬೊಬ್ಬೆ ಬಂದು ಸುಲಿದೋಯ್ತು. ಒಂದು ವಾರ ನನ್ನ ಜತೆ ಮಾತಾಡ್ಲಿಲ್ಲ."

ಅಪ್ಪಯ್ಯನವರು ಇಕ್ಕಳದಿಂದ ಒಲೆಯ ಬೂದಿ ಕೆದಕಿದರು.

"ಹಾಗಾದ್ರೆ ಇದನ್ನು ಸುಟ್ಟದ್ದು ಅಜ್ಜ ಸತ್ತ ಮೇಲೆ. ಮಡಕೆ ಒಡೆದವ ಚಿನ್ನ ಹುಡುಕಲಿಲ್ಲ. ಯಾವುದೋ ಒಂದು ಕಾಗದ ಹುಡುಕಿದ. ಬೂದಿಗೆ ಒಂದು ಕಾರಣ ಬೇಕಿತ್ತು, ಬೋಜ ಕೊಟ್ಟ."

ಆಗ ಹೊಸ್ತಿಲ ಹೊರಗಿನಿಂದ ದನಿ ಬಂತು.

"ಕಾಗದ ಉಂಟು ಒಡೆಯ."

ಮಾದನ ಹೆಂಡತಿ ಕೆಂಚಿ. ಬೆಳಗಿನಿಂದ ಅಂಗಳದ ಮೂಲೆಯಲ್ಲಿ ಮೊಣಕಾಲು ಅಪ್ಪಿ ಕೂತಿದ್ದಳು. ಡಿಸೆಂಬರಿನ ಮಂಜಿಗೆ ತಲೆಗೂದಲು ಒದ್ದೆಯಾಗಿತ್ತು. ಅಜ್ಜನ ಕೋಣೆ ಗುಡಿಸುತ್ತಿದ್ದವಳು ಇವಳೇ. ಅವಳಾಡುವ ಎರವರ ಮಾತು ಅಜ್ಜನ ಮಲೆಯಾಳಕ್ಕೆ ಹತ್ತಿರ, ಹಾಗಾಗಿ ಈ ಸುತ್ತಿನಲ್ಲಿ ಅವಳೊಂದಿಗೆ ಮನುಷ್ಯರ ಹಾಗೆ ಮಾತಾಡಿದವರು ಅವರೊಬ್ಬರೇ. ನಾವೆಲ್ಲ ಅವಳಿಗೆ ಕೆಲಸ ಹೇಳುತ್ತಿದ್ದೆವು, ಅವಳ ಮಾತು ಕೇಳುತ್ತಿರಲಿಲ್ಲ.

ಅದೊನಾಯ್ ಎಂಬುದಕ್ಕೆ 'ಒಡೆಯ' ಎಂದು ಬರೆಯೋಣ ಎಂದು ಪಾದ್ರಿಗಳು ಹೇಳಿದ ದಿನ ಇವಳು ಪೊರಕೆ ನಿಲ್ಲಿಸಿ, "ಯಾವ ಒಡೆಯ? ಬಂಗಲೆ ಒಡೆಯನಾ?" ಎಂದು ಅಜ್ಜನನ್ನು ಕೇಳಿದ್ದಳು. ಪಾದ್ರಿಗಳು ನಕ್ಕುಬಿಟ್ಟರು. ಅಜ್ಜ ನಗಲಿಲ್ಲ. ಅವತ್ತು ಆ ಹಾಳೆಯನ್ನು ಖಾಲಿ ಬಿಟ್ಟರು.

"ಯಾವ ಕಾಗದ? ಇಲ್ಲಿ ಬಂದು ಹೇಳು," ಅಪ್ಪಯ್ಯನವರು ಕರೆದರು.

ಅವಳು ಒಳಗೆ ಬರಲಿಲ್ಲ. ಹೊಸ್ತಿಲ ಹತ್ತಿರ ಸರಿದಳು ಅಷ್ಟೇ.

"ಅಜ್ಜ ಒಂದು ಕತೆ ಹೇಳ್ತು. ಒಬ್ಬಳು ಆಳು ಹೆಂಗಸು. ಬಸುರಿ. ಒಡತಿ ಹಿಂಸೆ ಕೊಟ್ಟಳು, ಓಡಿಹೋದಳು. ಕಾಡಲ್ಲಿ ನೀರಿನ ಹತ್ತಿರ ಕೂತು ಅತ್ತಳು. ಯಾರೂ ನೋಡಲ್ಲ ಅಂತ. ದೇವರು ನೋಡ್ತು. ಅವಳೇ ದೇವರಿಗೆ ಹೆಸರಿಟ್ಟಳು."

"ಎಲ್ ರೋಈ," ನಾನು ಹೇಳಿದೆ. "ನನ್ನನ್ನು ನೋಡುವ ದೇವರು."

"ಅದೇ ಅಯ್ಯ. ನಾನು ಕೇಳಿದೆ, ಆ ದೇವರು ಕಾಳಿನ ಯಾಕೆ ನೋಡಲಿಲ್ಲ? ಅಜ್ಜ ಕೇಳ್ತು, ಕಾಳಿ ಯಾರು? ಆಗ ಎಲ್ಲ ಹೇಳಿಬಿಟ್ಟೆ."

ಕಾಳಿ ಅವಳ ತಂಗಿ. ಹೋದ ವರ್ಷ ಕಾಫಿ ಹಣ್ಣು ಕೀಳುವ ಪಿಕಿಂಗಿನಲ್ಲಿ ತೀರಿಕೊಂಡಿದ್ದಳು. ಜ್ವರ ಎಂದು ಎಸ್ಟೇಟಿನವರು ಬರೆದುಕೊಂಡಿದ್ದರು. ಕೆಂಚಿ ಹೇಳಿದ್ದು ಬೇರೆ. ಹಣ್ಣು ಕೀಳುವಾಗ ಗಿಡದ ಕೊಂಬೆ ಮುರಿದಳೆಂದು ಕಾಳಿಯನ್ನು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪ್‌ಹೌಸಿನಲ್ಲಿ, ಹಣ್ಣು ತೊಳೆಯುವ ನೀರಿನ ತೊಟ್ಟಿಯ ಪಕ್ಕ ಕೂಡಿಹಾಕಿದ್ದರು. ಎರಡು ರಾತ್ರಿ. ಮೈಮೇಲೆ ಒದ್ದೆ ಬಟ್ಟೆ. ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಕೊರಡಿನ ಹಾಗಿದ್ದಳು. ಹದಿನಾರು ವರ್ಷ.

"ಅಜ್ಜ ಅಷ್ಟೂ ಬರೀತು. ಮೇಲೆ ನೋಡುವ ದೇವರ ಹೆಸರು ಬರೀತು. ನನ್ನ ಹೆಬ್ಬೆಟ್ಟು ಒತ್ತಿಸ್ತು. ದೊಡ್ಡವರಿಗೆ ತೋರಿಸ್ತೀನಿ ಅಂತ ಹೇಳ್ತು. ಯಾವ ದೊಡ್ಡವರಿಗೆ, ಗೊತ್ತಿಲ್ಲ."

"ಮಾದನ ಗುದ್ದಲಿ ಇಲ್ಲಿಗೆ ಹೇಗೆ ಬಂತು?"

"ಮಧ್ಯಾಹ್ನವೇ ರೈಟರು ತಗೊಂಡು ಹೋದ್ರು. ಸಂಜೆ ಮಾದ ಆಳುಗಳ ಲೈನ್‌ಮನೇಲೇ ಇದ್ದ ಒಡೆಯ. ನನ್ನ ಮಾತು ಯಾರು ನಂಬ್ತಾರೆ?"

ಯಾರೂ ನಂಬುವುದಿಲ್ಲ. ಗಂಡನಿಗಾಗಿ ಸುಳ್ಳು ಹೇಳುತ್ತಾಳೆ ಎನ್ನುತ್ತಾರೆ. ಆ ಕಾಗದ ಸಿಕ್ಕಿದರೆ ಮಾತ್ರ ಅಜ್ಜನನ್ನು ಕೊಲ್ಲಲು ಇನ್ನೊಬ್ಬರಿಗೆ ಕಾರಣವಿತ್ತು ಎಂದು ತೋರಿಸಬಹುದು. ಆಗಲೂ ಇವಳು ಮುಂದೆ ನಿಂತು ಹೌದು ಎನ್ನಬೇಕು.

"ನಿನ್ನೆ ಲೈನಲ್ಲಿ ಮಲಗಿದೆಯಾ?" ಅಪ್ಪಯ್ಯನವರು ಕೇಳಿದರು.

ಅವಳು ತೋಳು ಸರಿಸಿ ತೋರಿಸಿದಳು. ಮೊಣಕೈಯಿಂದ ಮೇಲೆ ನೀಲಿಗಟ್ಟಿತ್ತು. ರಾತ್ರಿ ಯಾರೋ ಎಸೆದ ಕಲ್ಲು ಹುಲ್ಲಿನ ಮಾಡು ತೂರಿ ಬಿದ್ದಿತ್ತಂತೆ, ಒಂದಲ್ಲ, ನಾಲ್ಕು.

"ಪಾದ್ರಿಗಳ ಬಂಗಲೇಲಿ ಇರ್ಲಿ ಸ್ವಾಮಿ," ನಾನೇ ಹೇಳಿದೆ. "ಅಲ್ಲಿಗೆ ಯಾರೂ ಕಲ್ಲು ಹೊಡೆಯಲ್ಲ."

ಅಪ್ಪಯ್ಯನವರು ಒಪ್ಪಿದರು. ಠಾಣೆಯಲ್ಲಿ ಹೆಂಗಸರನ್ನು ಇಡಲು ಜಾಗವಿರಲಿಲ್ಲ.

ಅಜ್ಜನ ಕೋಣೆಯಿಂದ ಬಂಗಲೆಗೆ ಅರ್ಧ ಫರ್ಲಾಂಗು. ಕೆಂಚಿ ನನ್ನ ಹಿಂದೆ ಹತ್ತು ಹೆಜ್ಜೆ ಬಿಟ್ಟು ಬರುತ್ತಿದ್ದಳು. ಹತ್ತಿರ ಬಾ ಎಂದರೂ ಬರಲಿಲ್ಲ. ಮಂಜಿನಲ್ಲಿ ಮರಗಳು ಕಾಣುತ್ತಿರಲಿಲ್ಲ, ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಆಲ್ಬ್ರೆಕ್ಟ್ ಪಾದ್ರಿಗಳು ಜಗಲಿಗೇ ಬಂದರು. ಎತ್ತರದ ಆಳು, ಬಿಳಿ ಗಡ್ಡ, ಓದಿ ಓದಿ ಕೆಂಪಾದ ಕಣ್ಣು. ಅವರ ಕನ್ನಡ ನಮ್ಮೆಲ್ಲರ ಕನ್ನಡಕ್ಕಿಂತ ನೆಟ್ಟಗೆ. ಚೀಟಿ ಬರೆದರೂ ಕನ್ನಡದಲ್ಲೇ ಬರೆಯುತ್ತಾರೆ, ತಪ್ಪಿದ್ದರೆ ತಿದ್ದಿ ಎಂದು ನನ್ನ ಮುಂದೆ ಹಿಡಿಯುತ್ತಾರೆ. ಈ ಊರಿನಲ್ಲಿ ನಾನು ಮನಸಾರೆ ಕೈಮುಗಿಯುತ್ತಿದ್ದದ್ದು ಅವರೊಬ್ಬರಿಗೇ.

"ಒಳಗೆ ಬನ್ನಿರಿ, ಮುನ್ಶಿಯವರೇ. ಈ ಬಡವಳು ನಡುಗುತ್ತಿದ್ದಾಳಲ್ಲ."

ತಾವೇ ಹೋಗಿ ಒಂದು ಬೂದುಬಣ್ಣದ ಕಂಬಳಿ ತಂದು ಅವಳ ಹೆಗಲಿಗೆ ಹೊದಿಸಿದರು. ನನಗೆ ಕಣ್ಣು ತುಂಬಿ ಬಂತು. ಹೇಳದೇ ಇರಲಾಗಲಿಲ್ಲ.

"ಕಾಳಿ ಸತ್ತ ವಿಷಯ ಅಜ್ಜ ಒಂದು ಕಾಗದ ಬರೆದಿದ್ರಂತೆ ಅಯ್ಯನೋರೆ. ಇವಳದ್ದೇ ಹೆಬ್ಬೆಟ್ಟಂತೆ."

ಕಂಬಳಿಯ ತುದಿ ಸರಿಮಾಡುತ್ತಿದ್ದ ಅವರ ಕೈ ನಿಂತಿತು.

"ಅಂಥ ಕಾಗದದ ವಿಷಯವನ್ನು ನಾನು ಈಗಲೇ ಕೇಳುತ್ತಿದ್ದೇನೆ. ಅದು ಸಿಕ್ಕಿತೇ?"

"ಇಲ್ಲ, ಹುಡುಕ್ತಿದ್ದೀವಿ."

"ಸಿಕ್ಕಲಿ ಎಂದು ಪ್ರಾರ್ಥಿಸುತ್ತೇನೆ," ಎಂದರು. ಕೆಂಚಿ ಬಾಗಿಲು ದಾಟುವ ಮೊದಲು ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಹೆದರಬೇಡ ಎಂದು ಕೈಸನ್ನೆ ಮಾಡಿ ನಾನು ಬಂದುಬಿಟ್ಟೆ.

*

ಎಸ್ಟೇಟಿನ ಕಣದಲ್ಲಿ ಹೆಂಗಸರು ಕಾಫಿ ಹಣ್ಣು ಹರಡುತ್ತಿದ್ದರು. ಬಿಸಿಲೇ ಇಲ್ಲ, ಒಣಗುವುದೇನು ಬಂತು. ಕೊಳೆಯುತ್ತಿರುವ ಹಣ್ಣಿನ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ರೈಟರು ಬೋಜ ಕಣದ ಕಟ್ಟೆಯ ಮೇಲೆ ನಿಂತು ಕೂಗಾಡುತ್ತಿದ್ದವನು ಅಪ್ಪಯ್ಯನವರನ್ನು ಕಂಡು ಕೆಳಗಿಳಿದ. ಸಂಪಾಜೆ ಕಡೆಯವನು, ಕೋಟು ಹಾಕುವವನು, ಎಸ್ಟೇಟಿನ ಬಿಳಿ ದೊರೆ ಸೀನಿದರೆ ತಾನು ಮೂಗು ಒರೆಸಿಕೊಳ್ಳುವವನು. ನನಗೆ ಅವನನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ.

"ನಿನ್ನ ಹೇಳಿಕೆ ಇನ್ನೊಮ್ಮೆ ಬೇಕು ಬೋಜ. ನಾಳೆ ಮಡಿಕೇರಿಗೆ ಕಳಿಸ್ಲಿಕ್ಕೆ. ಅಜ್ಜ ಸುಡ್ತಾ ಇದ್ದದ್ದನ್ನು ಎಲ್ಲಿಂದ ಕಂಡೆ?"

"ಕಿಟಕಿಂದ ಸ್ವಾಮಿ."

"ಇಡೀ ಕಟ್ಟನ್ನೇ ಒಟ್ಟಿಗೆ ಹಾಕಿದ್ದಾ?"

"ಇಲ್ಲ ಸ್ವಾಮಿ, ಒಂದೊಂದೇ. ಹರಿದು ಹರಿದು ಹಾಕ್ತಿದ್ದ."

"ಯಾವ ಕೈಯಲ್ಲಿ?"

"ಬಲಗೈಲಿ." ಬೋಜ ತುಸು ನಕ್ಕ. "ಎಂಥ ಸ್ವಾಮಿ, ಸುಡ್ಲಿಕ್ಕೆ ಯಾವ ಕೈಯಾದ್ರೇನು?"

"ಮುಖ ಹೇಗಿತ್ತು?"

"ಮುಖಕ್ಕೇನು, ಸುಮ್ನೆ ಕೂತಿದ್ದ. ಕಸ ಸುಡೋ ಹಂಗೆ."

ಕಸ! ನನ್ನ ಮೈ ಉರಿದುಹೋಯಿತು. ಬಾಯಿ ತೆಗೆಯಬೇಕೆಂದಿದ್ದೆ, ಅಪ್ಪಯ್ಯನವರು ಕೈ ಅಡ್ಡ ಹಿಡಿದರು.

"ಬೋಜ, ಆ ಬಲಗೈಯ ಎರಡು ಬೆರಳು ಸುಟ್ಟು ಸುಕ್ಕಾಗಿತ್ತು, ನೋಡಿದ್ದೀಯಾ? ಹೆಣದ ಮೇಲೆ ನಾನು ನೋಡಿದೆ, ಕಾರಣ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ಒಂದೇ ಒಂದು ಹಾಳೆ ಬೆಂಕಿಗೆ ಬಿತ್ತು ಅಂತ ಆ ಮುದುಕ ಉರಿಯುವ ಒಲೆಗೆ ಕೈ ಹಾಕಿದ. ಹಾಳೆಯ ಮೇಲೆ ದೇವರ ಹೆಸರಿತ್ತು ಅಂತ. ನಾವು ಬೂದಿಯಲ್ಲಿ ತೆಗೆದ ಹಾಳೆಯ ಮೇಲೂ ಹೆಸರುಂಟು. ಅದನ್ನು ಆ ಮನುಷ್ಯ ಹರಿದು ಹರಿದು ಹಾಕಿದನಾ?"

ಬೋಜ ಒಂದು ಹೆಜ್ಜೆ ಹಿಂದೆ ಸರಿದ.

"ಕತ್ತಲಿತ್ತು ಸ್ವಾಮಿ. ಬೇರೆ ಏನೋ ಇರಬೇಕು."

"ಕತ್ತಲಲ್ಲಿ ಮುಖ ಕಂಡಿತು, ಬಲಗೈ ಕಂಡಿತು. ಮಾದನ ಗುದ್ದಲಿ ಮಧ್ಯಾಹ್ನ ತಗೊಂಡದ್ದು ಯಾಕೆ?"

"ಯಾರು ಹೇಳಿದ್ದು? ಆ ಕೆಂಚಿಯಾ?"

"ಯಾಕೆ ಬೋಜ?"

"ನಂಗೆ ಗೊತ್ತಿಲೆ! ನಂಗೆ ಏನೂ ಗೊತ್ತಿಲೆ!" ಕೋಟಿನ ಕನ್ನಡ ಹೋಗಿ ಮನೆಮಾತು ಬಂದಿತ್ತು. ಕಣದ ಹೆಂಗಸರು ಹಣ್ಣು ಹರಡುವ ಗೋರೆಮಣೆ ನಿಲ್ಲಿಸಿ ನೋಡತೊಡಗಿದರು.

"ಹಾಗಾದ್ರೆ ಕೊಂದವ ನೀನೇ ಅಂತ ಬರೀತೇನೆ. ಮಾದನ ಬದಲು ನಾಳೆ ನೀನು ಗಾಡಿ ಹತ್ತು."

"ನಾ ಅಲ್ಲ ಸ್ವಾಮಿ! ನಾ ಅಲ್ಲ! ಗುದ್ದಲಿ ತಂದು ಕೊಡು ಅಂದ್ರು, ಕೊಟ್ಟೆ. ಹೀಗೆ ಹೇಳು ಅಂದ್ರು, ಹೇಳಿದೆ."

"ಯಾರು?"

ಕಣದ ಆಚೆ ಪಲ್ಪ್‌ಹೌಸಿನ ತಗಡಿನ ಮಾಡಿನ ಕಡೆ ಬೋಜನ ಕಣ್ಣು ಹೋಯಿತು.

"ಹೇಳಿದ್ರೆ ನಂಗೂ ಕಾಳಿ ಗತಿಯೇ ಸ್ವಾಮಿ."

ಅಪ್ಪಯ್ಯನವರು ಮೆಲ್ಲಗೆ ಕೇಳಿದರು. "ಕಾಳಿಯ ಮಾತು ನಾನು ಎತ್ತಲೇ ಇಲ್ಲವಲ್ಲ. ಅವಳು ಜ್ವರದಲ್ಲಿ ಸತ್ತದ್ದಲ್ಲವಾ?"

ಬೋಜ ಅಲ್ಲೇ ಹಸಿ ಹಣ್ಣಿನ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಅಳುತ್ತಲೇ ಹೇಳಿದ. ಬೀಗ ಹಾಕಿದ್ದು ತಾನೇ. ಹಾಕು ಎಂದವರು ದೊರೆ. ಎರಡನೆಯ ರಾತ್ರಿ ಅವಳು ಬಾಗಿಲು ಬಡಿಯುವುದು ತನ್ನ ಮನೆಗೂ ಕೇಳುತ್ತಿತ್ತು. ಬೀಗದಕೈ ದಿಂಬಿನ ಕೆಳಗೇ ಇತ್ತು. ಎದ್ದು ಹೋಗಲಿಲ್ಲ.

"ಕೇಳಿಸ್ತಿತ್ತಾ?" ನಾನು ಕಿರುಚಿದೆ. "ಕೇಳಿಸ್ತಾ ಮಲಗಿದ್ದೆಯೇನೋ?"

ಇಷ್ಟು ದಿನ ಆ ಮಾತು ಅವನ ಹೊಟ್ಟೆಯಲ್ಲೇ ಇತ್ತಲ್ಲ, ಅದೇ ಅವನಿಗೆ ಶಿಕ್ಷೆ ಇರಬಹುದು. ನನಗೆ ಕರುಣೆ ಬರಲಿಲ್ಲ.

"ಕಾಗದ ಸಿಕ್ಕಿತಾ ಅವರಿಗೆ?" ಅಪ್ಪಯ್ಯನವರು ಬಗ್ಗಿ ಕೇಳಿದರು.

"ಇಲ್ಲ ಸ್ವಾಮಿ. ಮಡಕೆ ತುಂಬ ಆ ಅಜ್ಜನ ಅಕ್ಷರವೇ. ಒಂದೊಂದೇ ಬಿಡಿಸಿ ನೋಡಿ ಒಲೆಗೆ ಹಾಕಿದ್ರಂತೆ. ಬೇಕಾದ್ದು ಅದರಲ್ಲಿ ಇರಲಿಲ್ಲ."

ಬಿಡಿಸಿ ನೋಡಿದವರು ಯಾರು ಎಂದು ಎಷ್ಟು ಕೇಳಿದರೂ ಬೋಜ ಬಾಯಿ ಬಿಡಲಿಲ್ಲ. ಜತೆಗೆ ಬಂದಿದ್ದ ಪೇದೆ ಅವನ ತೋಳು ಹಿಡಿದು ಎಬ್ಬಿಸಿ ಠಾಣೆಗೆ ಕರೆದೊಯ್ದ.

*

"ಸುಟ್ಟಿಲ್ಲ, ಸಿಕ್ಕಿಲ್ಲ," ಅಪ್ಪಯ್ಯನವರು ತೋಟದ ದಾರಿಯಲ್ಲಿ ನಿಂತು ಬೀಡಿ ಹಚ್ಚಿದರು. "ಮೇಲೆ ಹೆಸರಿದ್ದ ಮೇಲೆ ಅಜ್ಜ ಅದನ್ನೂ ಮಣ್ಣಿಗೇ ಕೊಟ್ಟಿರಬೇಕು. ಹಿತ್ತಲಲ್ಲಲ್ಲ. ಬೇರೆ ಎಲ್ಲಿ ಮುನ್ಶಿಗಳೇ? ಎಲ್ಲಿ ಬೇಕಾದ್ರೂ ಹೂಳಬಹುದಾ ಅವರಲ್ಲಿ?"

ಆ ಪ್ರಶ್ನೆ ಕೇಳುವವರೆಗೆ ನನಗೆ ನೆನಪಾಗಿರಲಿಲ್ಲ. ತಲೆಯೊಳಗೆ ಇದ್ದದ್ದೇ, ಧೂಳು ಹಿಡಿದು ಕೂತಿತ್ತು.

"ಇಲ್ಲ ಸ್ವಾಮಿ. ಕೊಚ್ಚೀಲಿ ಹಂಗಲ್ಲವಂತೆ. ದೊಡ್ಡ ವಿದ್ವಾಂಸರು ಯಾರಾದ್ರೂ ತೀರಿಕೊಂಡಿದ್ರೆ ಅವರ ಗೋರಿ ಪಕ್ಕದಲ್ಲಿ ಮಡಕೆ ಹೂಳ್ತಾರಂತೆ. ಹೆಸರಿಗೂ ಮರ್ಯಾದೆ, ಅವರಿಗೂ ಮರ್ಯಾದೆ. ಇಲ್ಲಿ ನನ್ನವರ ಗೋರಿ ಒಂದೂ ಇಲ್ಲ ಮುನ್ಶೀ, ಅದಕ್ಕೆ ಹಿತ್ತಲು ಅಂತಿದ್ರು."

ಹೇಳುತ್ತಿದ್ದಂತೆ ಇನ್ನೊಂದು ನೆನಪಾಯಿತು. ಸಾಯುವ ಎರಡು ದಿನ ಮುಂಚೆ ಅಜ್ಜ ಮೊಣಕಾಲಿಗೆಲ್ಲ ಕೆಸರು ಮಾಡಿಕೊಂಡು ಬಂದಿದ್ದರು. ಎಲ್ಲಿ ಬಿದ್ದಿರಿ ಎಂದು ನಾನು ಗದರಿದ್ದೆ. "ಬೀಳಲಿಲ್ಲ ಮುನ್ಶೀ. ಇಲ್ಲಿಯೂ ಒಬ್ಬರು ದೊಡ್ಡವರ ಗೋರಿ ಉಂಟು," ಎಂದಿದ್ದರು. ಯಾವುದೋ ಸಾಬರ ದರ್ಗಾಕ್ಕೆ ಹೋಗಿ ಬಂದಿರಬೇಕು ಎಂದುಕೊಂಡು ನಾನು ಕಾಫಿ ಕಾಸಲು ಎದ್ದಿದ್ದೆ.

ಈ ಸುತ್ತಿನಲ್ಲಿ ದರ್ಗಾ ಎಲ್ಲಿದೆ? ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

"ಎರವರು ಹೆಣ ಹೂಳೋ ಜಾಗ ಎಲ್ಲಿ ಸ್ವಾಮಿ?" ಎಂದು ಕೇಳಿದೆ.

ಅಪ್ಪಯ್ಯನವರು ಬೀಡಿ ಎಸೆದು ನಡೆದೇಬಿಟ್ಟರು.

ಅದು ಎಸ್ಟೇಟಿನ ಎಲ್ಲೆ ಮುಗಿಯುವ ಗುಡ್ಡದ ನೆತ್ತಿ. ಕಾಫಿ ಗಿಡ ಬೆಳೆಯದ ಕಲ್ಲು ನೆಲ, ಅದಕ್ಕೇ ಇವರಿಗೆ ಬಿಟ್ಟುಕೊಟ್ಟಿದ್ದಾರೆ. ಹತ್ತಿಪ್ಪತ್ತು ಮಣ್ಣಿನ ದಿಬ್ಬ, ಒಂದೊಂದರ ತಲೆಯ ಹತ್ತಿರ ಒಂದೊಂದು ಕಲ್ಲು. ಹೆಸರು ಬರೆಯುವವರಿಲ್ಲ. ಆದರೆ ಕಾಳಿಯ ಗುಡ್ಡೆ ಹುಡುಕಲು ಕಷ್ಟವಾಗಲಿಲ್ಲ. ಒಂದೇ ಒಂದು ದಿಬ್ಬದ ಮೇಲೆ ಸಣ್ಣ ಸಣ್ಣ ಬೆಣಚುಕಲ್ಲು ಜೋಡಿಸಿತ್ತು. ಸತ್ತವರ ಹತ್ತಿರ ಹೋದರೆ ಹೂವಿನ ಬದಲು ಒಂದು ಕಲ್ಲು ಇಟ್ಟು ಬರುತ್ತೇವೆ ಎಂದು ಅಜ್ಜ ಹೇಳಿದ್ದರು. ಎಣಿಸಿದೆ. ಒಂಬತ್ತು. ಒಂಬತ್ತು ಸಲ ಈ ಮುದುಕ ಗುಡ್ಡ ಹತ್ತಿ ಬಂದಿದ್ದರು.

ದಿಬ್ಬದ ಬಲಕ್ಕೆ ಮಣ್ಣು ಸಡಿಲವಾಗಿತ್ತು. ಅಲ್ಲೇ ಬಿದ್ದಿದ್ದ ಕೋಲಿನಿಂದ ಕೆದಕಿ, ಆಮೇಲೆ ಇಬ್ಬರೂ ಕೈಯಲ್ಲೇ ತೋಡಿದೆವು. ಮೊಳದ ಆಳದಲ್ಲಿ ಮಡಕೆಯ ಕಂಠ ಸಿಕ್ಕಿತು. ಬಾಯಿಗೆ ಬಟ್ಟೆ ಬಿಗಿದು ಜೇನುಮೇಣ ಸುರಿದಿತ್ತು. ಒಳಗೆ ಒಂದೇ ಕಾಗದ, ನಾಲ್ಕಾಗಿ ಮಡಿಸಿದ್ದು.

ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಹದಿನಾರು ವರ್ಷದ ಆಳುಮಗಳು, ಓದು ಬರಹ ಕಾಣದವಳು. ಗುರುವಿಗೆ ಕೊಡುವ ಗೌರವವನ್ನು ಅಜ್ಜ ಅವಳಿಗೆ ಕೊಟ್ಟಿದ್ದರು.

ಕಾಗದದ ನೆತ್ತಿಯಲ್ಲಿ ಹೀಬ್ರೂ ಅಕ್ಷರ. ಎಲ್ ರೋಈ. ಅದರ ಕೆಳಗೆಲ್ಲ ಮಲೆಯಾಳ. ಅಪ್ಪಯ್ಯನವರು ಕಣ್ಣಾನೂರಿನಲ್ಲಿ ಓದಿದವರು, ನಿಂತಲ್ಲೇ ಓದಿ ಹೇಳಿದರು. ಪಲ್ಪ್‌ಹೌಸು, ಒದ್ದೆ ಬಟ್ಟೆ, ಎರಡು ರಾತ್ರಿ, ಬೋಜನ ಬೀಗ, ದೊರೆಯ ಅಪ್ಪಣೆ. ಕೆಳಗೆ ಕೆಂಚಿಯ ಹೆಬ್ಬೆಟ್ಟು.

"ಬದುಕಿದ, ಮುನ್ಶಿಗಳೇ!" ಅಪ್ಪಯ್ಯನವರು ಮೊದಲ ಸಲ ನಕ್ಕದ್ದನ್ನು ಕಂಡೆ. "ಮಾದ ಬದುಕಿದ. ಈ ಕಾಗದ, ಬೋಜನ ಬಾಯಿ, ಎರಡೂ ಉಂಟು. ಹೆಬ್ಬೆಟ್ಟು ನನ್ನದೇ ಅಂತ ಕೆಂಚಿ ನಾಳೆ ಪ್ರಮಾಣ ಮಾಡಿದರೆ ಸಾಕು. ಅವಳಿಲ್ಲದಿದ್ದರೆ ಇದು ಬರೀ ಸತ್ತವನ ಕಾಗದ."

ಮಡಿಸಲೆಂದು ಅವರು ಕಾಗದವನ್ನು ತಿರುಗಿಸಿದರು. ಹಿಂದುಗಡೆ ಕನ್ನಡದಲ್ಲಿ ಎರಡು ಸಾಲು ಬರೆದಿತ್ತು.

"ಇದು ಅಜ್ಜನ ಕೈಯಲ್ಲ. ಯಾರದ್ದು?"

ನಾನು ನೋಡಿದೆ. ಬಲಕ್ಕೆ ವಾಲಿದ, ಅಚ್ಚಿನ ಮೊಳೆ ಜೋಡಿಸಿದಂಥ ಅಕ್ಷರ. ವರ್ಷಗಟ್ಟಲೆ ನಾನೇ ತಿದ್ದಿದ ಅಕ್ಷರ.

'ಓದಿದ್ದೇನೆ. ದೊರೆಯವರಿಗೆ ತಿಳಿಸಿದ್ದೇನೆ. ಇದನ್ನು ಈಗಲೇ ಸುಟ್ಟುಬಿಡಿರಿ.'

ಕೆಳಗೆ ರುಜು. ತಾರೀಕು, ಅಜ್ಜ ಸಾಯುವುದಕ್ಕೆ ಮೂರು ದಿನ ಮುಂಚಿನದು.

ಆ ಹೆಸರು ಅವರಿಗೆ ಗೊತ್ತಿತ್ತು. ಅದರ ಅರ್ಥವನ್ನು ನನಗೆ ಮೊದಲು ಹೇಳಿಕೊಟ್ಟವರೇ ಅವರು. ಅದನ್ನು ಕಣ್ಣಾರೆ ಓದಿ, ಕಾಗದ ತಿರುಗಿಸಿ, ಸುಡಿರಿ ಎಂದು ಬರೆದಿದ್ದರು. ಅಂಥ ಕಾಗದದ ವಿಷಯ ಈಗಲೇ ಕೇಳುತ್ತಿದ್ದೇನೆ ಎಂದು ಇವತ್ತು ಬೆಳಿಗ್ಗೆ ಜಗಲಿಯಲ್ಲಿ ನಿಂತು ಹೇಳಿದ್ದರು.

"ಯಾರದ್ದು, ಹೇಳಿ!" ಅಪ್ಪಯ್ಯನವರು ನನ್ನ ತೋಳು ಹಿಡಿದು ಅಲುಗಿಸಿದರು.

"ಪಾದ್ರಿಗಳದ್ದು."

ಅವರ ಮುಖದ ನಗು ಇಳಿದುಹೋಯಿತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬೆಳಿಗ್ಗೆ ಕೆಂಚಿಯನ್ನು ಆ ಬಾಗಿಲಿಗೆ ಕರೆದುಕೊಂಡು ಹೋದವನು ನಾನು. ಕಾಗದದಲ್ಲಿ ಇವಳ ಹೆಬ್ಬೆಟ್ಟಿದೆ ಎಂದು ಕೇಳದೇ ಹೇಳಿದವನೂ ನಾನೇ. ನಗೆಮಾತಿನಿಂದ ಬುದ್ಧಿ ಕಲಿಯದ ನಾಲಿಗೆ ಎರಡನೆಯ ಸಲವೂ ಅದೇ ಕೆಲಸ ಮಾಡಿತ್ತು.

ಗುಡ್ಡದ ಕೆಳಗೆ ಮಂಜು ಸ್ವಲ್ಪ ಬಿಟ್ಟಿತ್ತು. ಮಿಷನ್ನಿನ ಎತ್ತಿನ ಗಾಡಿ ಬಂಗಲೆಯ ಗೇಟು ದಾಟಿ ರಸ್ತೆಗೆ ಬಂತು. ಸಿದ್ದಾಪುರದ ಕಡೆ ಹೊರಳಲಿಲ್ಲ, ಪಲ್ಪ್‌ಹೌಸಿನ ದಾರಿ ಹಿಡಿಯಿತು. ಮುಂದೆ ಕೂತವರ ಬಿಳಿ ಗಡ್ಡ ಇಲ್ಲಿಗೂ ಕಾಣುತ್ತಿತ್ತು.

ಅಪ್ಪಯ್ಯನವರು ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದರು. ಗಾಡಿಯ ಹಿಂಭಾಗದಲ್ಲಿ ಬೂದುಬಣ್ಣದ ಕಂಬಳಿ ಕಂಡಿತ್ತು. ಅದನ್ನು ಹೊದ್ದವಳು ಕೂತಿರಲಿಲ್ಲ, ತಲೆಯಿಂದ ಕಾಲಿನವರೆಗೆ ಮುಚ್ಚಿ ಮಲಗಿಸಿದ್ದರು.